ಎಂಟು ಸಾವಿರದ ಒಂಬತ್ತನೆಯ ಬಾಗಿಲು

ಸೋಮವಾರ, ಟೆಂಡರ್ ತೆರೆಯುವ ಹನ್ನೊಂದಕ್ಕೆ ಸರಿಯಾಗಿ
ರಾಯಚೂರಿನ ಗಂಜ್‌ನಲ್ಲಿ ಪರದೆಗಳೆಲ್ಲ ಬಿಳಿಚಿಕೊಂಡವು.
ಐನೂರಾ ಮೂರು.
ಖರೀದಿದಾರರು ಬೆಲೆ ಬರೆಯುವ ಜಾಗದಲ್ಲಿ
ಬರೀ ಆ ಮೂರು ಅಂಕಿ,
ಅಂಗಡಿ ತೆರೆದಿದೆ, ಶೆಟ್ಟರು ಊರಲ್ಲಿಲ್ಲ ಎಂಬಂತೆ.

ಹೊರಗೆ ನಾನೂರು ಲಾಟು ಹತ್ತಿ.
ಎರಡಕ್ಕೆ ಟೆಂಡರ್ ಮುಗಿಯಬೇಕು, ಮೂರಕ್ಕೆ ತೂಕ,
ಆಮೇಲೆ ಹಮಾಲಿ.
ಕಾರ್ಯದರ್ಶಿ ಅಮರಗುಂಡಯ್ಯನವರು ಬಾಗಿಲಲ್ಲಿ ನಿಂತು
“ಏನಮ್ಮಾ ಹುಲಿಗೆಮ್ಮ, ಮತ್ತ ಅರಳಿ ಸಿಕ್ಕೊಂಡದೇನು ಫ್ಯಾನಿನ್ಯಾಗ?”
ಹೋದ ವರ್ಷ ಹಾಗಾಗಿತ್ತು, ನಿಜ.
ಕಿಟಕಿಯಿಂದ ತೇಲಿ ಬಂದ ಅರಳೆ ಕೂತು ಕೂತು
ಯಂತ್ರಕ್ಕೆ ಹಾಸಿಗೆಯಾಗಿ ಉಸಿರು ಕಟ್ಟಿಸಿತ್ತು.
ಇವತ್ತು ಅದಲ್ಲ. ಫ್ಯಾನು ತಿರುಗುತ್ತಿದೆ.

ಮಹಡಿಯ ಮೇಲೆ ಅಪಾಚೆ, ಬಂದವರನ್ನು ಮಾತಾಡಿಸುವುದು ಅದರ ಕೆಲಸ.
ಕೆಳಗೆ ನನ್ನ ಮೇಜಿನ ಬದಿಗೆ ಟಾಮ್‌ಕ್ಯಾಟ್,
ಲೆಕ್ಕ ಬಲ್ಲ ಗಂಡುಬೆಕ್ಕು.
ಮೇಲೆ ಕೇಳಿದೆ: ಇದ್ದೀಯಾ? ಇದ್ದೇನೆ.
ಕೆಳಗೆ ಕೇಳಿದೆ: ಇದ್ದೀಯಾ? ಇದ್ದೇನೆ.
ಎರಡೂ ಇವೆ. ನಡುವಿನ ಒಂದು ಮಾತಿಲ್ಲ.
ಲಾಗಿನ ತುಂಬ ಒಂದೇ ಸಾಲು, ನಿಮಿಷಕ್ಕೆ ನೂರು ಸಲ:
ಬಾಗಿಲು ತಟ್ಟಿದೆ, ತೆಗೆಯಲಿಲ್ಲ.
ಬಾಗಿಲು ತಟ್ಟಿದೆ, ತೆಗೆಯಲಿಲ್ಲ.

ನಿನ್ನೆ ರಾತ್ರಿ ಹೊಸ ಆವೃತ್ತಿ ಹಾಕಿದವಳು ನಾನೇ.
ಪರೀಕ್ಷೆಯನ್ನೂ ಮಾಡಿದ್ದೆ,
ಆದರೆ ಒಳಗೇ ನಿಂತು ಒಳಗಿನ ಬಾಗಿಲು ಬಡಿದು
‘ತೆಗೀತದ’ ಅಂತ ಬರೆದಿಟ್ಟು ಮನೆಗೆ ಹೋಗಿದ್ದೆ.
ಹಳೆಯದು ಯಾರು ತಟ್ಟಿದರೂ ಓ ಅನ್ನುತ್ತಿತ್ತು.
ಹೊಸದಕ್ಕೆ ಅಂಜಿಕೆ ಜಾಸ್ತಿ:
ಎಂಟು ಸಾವಿರದ ಒಂಬತ್ತನೆಯ ಬಾಗಿಲಲ್ಲಿ ಕೂತು
ತನ್ನ ದನಿಗಷ್ಟೇ ಓಗೊಡುತ್ತದೆ.
ವಿಳಾಸ ತಿದ್ದಿದೆ. ಮಲಗಿಸಿ ಎಬ್ಬಿಸಿದೆ.
ನಲವತ್ತು ಸೆಕೆಂಡು.
ಗೋಡೆಯಾಚೆ ಯಾರೋ
“ಚೀಟಿ ಇದ್ದಾಗ ಛಲೋ ಇತ್ತು” ಅಂದದ್ದು ಕೇಳಿಸಿತು.

ಐನೂರಾ ಮೂರು ಹೋಯಿತು.
ನಾನೂರಾ ಮೂರು ಬಂತು.
ನಗು ಬಂತು ನನಗೆ. ನೂರು ಇಳಿದಿದೆ, ಚೌಕಾಸಿ ನಡೆದಿದೆ.
ಬಾಗಿಲೇ ತೆಗೆಯದಿದ್ದದ್ದು ಈಗ ತೆಗೆದು, ಮುಖ ನೋಡಿ
ಗುರುತಿನ ಮಾತು ಹೇಳು ಅನ್ನುತ್ತಿದೆ.

ಗುರುತಿನ ಮಾತು ಇಟ್ಟವಳೂ ನಾನೇ.
ಕೆಳಗೆ ಬರೆದು, ಮೇಲಿದ್ದ ದಸ್ತಗೀರನಿಗೆ
ಮೆಟ್ಟಿಲ ಬುಡದಿಂದ ಕೂಗಿ ಹೇಳಿದ್ದೆ
(ಗುಟ್ಟನ್ನು ಕೂಗಿ ಹೇಳುವ ಊರು ನಮ್ಮದು).
ಆಗ ಅಂಗಳದಲ್ಲಿ ಜಿನ್ನಿಂಗಿನ ಲಾರಿಯೊಂದು
ಹಿಮ್ಮುಖವಾಗಿ ಒದರುತ್ತ ಬರುತ್ತಿತ್ತು.

ಮೆಟ್ಟಿಲು ಹತ್ತಿದೆ, ಎರಡೆರಡು.
“ದಸ್ತಗೀರ್, ಏನು ಬರ್ದಿ ತೋರ್ಸು.”
ತೋರಿಸಿದ. ಒಂದೇ ಅಕ್ಷರ. ಟಿ ಇರಬೇಕಾದಲ್ಲಿ ಎಚ್.
ನಾನು ಇಟ್ಟದ್ದು ಹತ್ತಿ.
ಅವನು ಕೇಳಿಸಿಕೊಂಡದ್ದು ಹಾಥಿ.
“ನೀವು ಆನಿ ಅಂದ್ರಿ ಅಂತ ತಿಳ್ಕೊಂಡೆ ಮೇಡಂ.
ದೊಡ್ಡ ಗುಟ್ಟಿಗೆ ದೊಡ್ಡ ಹೆಸರು ಅಂತ...”
ಕೆಳಗೆ ಕನ್ನಡ, ಮೇಲೆ ದಖನಿ, ನಡುವೆ ಲಾರಿ.
ಬೆಕ್ಕಿನ ಮನೆ ಬಾಗಿಲಿಗೆ ಆನೆ ಬಂದು ನಿಂತರೆ
ಅದು ತಾನೆ ಏನು ಮಾಡೀತು.

ಎರಡೂ ಕಡೆ ಹೊಸ ಮಾತು ಇಟ್ಟೆವು,
ಈ ಸಲ ಚೀಟಿಯಲ್ಲಿ ಬರೆದು.
ಏನೆಂದು ನಿಮಗೆ ಹೇಳುವುದಿಲ್ಲ.
ದಸ್ತಗೀರ ಚೀಟಿಯನ್ನು ಅಗಿದು ನುಂಗಿದ.

ಹನ್ನೆರಡು ಐವತ್ತೆರಡು. ಮೇಲಿನಿಂದ ಪಿಂಗ್.
ಕೆಳಗಿನಿಂದ
ಪಾಂಗ್.
ಮೊದಲ ಬೆಲೆ ಬಿತ್ತು: ಏಳು ಸಾವಿರದ ಹದಿನಾರು.

ಸಂಜೆ, ತೂಕ ಮುಗಿಸಿದ ಹಮಾಲ ತಾಯಪ್ಪ
ಕಿಟಕಿಯಲ್ಲಿ ಇಣುಕಿ ಕೇಳಿದ: “ಏನಾಗಿತ್ರಿ ಮುಂಜಾನಿ?”
“ಹತ್ತಿ ಹೋಗಿ ಆನೆ ಆಗಿತ್ತು ತಾಯಪ್ಪ.”
ತಲೆಯ ವಲ್ಲಿ ಬಿಚ್ಚಿ, ಬೆನ್ನಿನ ಅರಳೆ ಝಾಡಿಸುತ್ತ
ಅವನು ನಗಲೂ ಇಲ್ಲ:
“ಹೊತ್ತು ನೋಡ್ರಿ ಅಕ್ಕಾರ,
ಆನಿ ಅಲ್ಲದ ಹತ್ತಿ ಎಲ್ಲಿ ಅದ?”